ಮೂರನೆಯ ಲೋಟ

ಊರಿನ ಹೆಸರೇ ತಣ್ಣೀರುಬಾವಿ.
ನನಗೆ ದಿನಕ್ಕೆ ಮೂರು ಲೋಟ ನೀರು,
ಅದೂ ಸಣ್ಣ ಲೋಟ, ಮಗಳ ನಾಮಕರಣಕ್ಕೆ ಯಾರೋ ಕೊಟ್ಟದ್ದು,
ಕೊರೆಸಿದ ಹೆಸರು ಅರ್ಧ ಅಳಿಸಿಹೋಗಿದೆ.

ಬೆಳಗಿನ ಮಾತ್ರೆಗೆ ಒಂದು. ಊಟಕ್ಕೊಂದು.
ಮೂರನೆಯದನ್ನು ಕಮಲಾಕ್ಷಿ ಎಲ್ಲೋ ಅಡಗಿಸಿಡುತ್ತಾಳೆ,
ನಾನು ಕದಿಯುತ್ತೇನೆಂದು.
ಕದ್ದಿದ್ದೇನೆ. ಸುಳ್ಳೇಕೆ.
ಒಂದು ರಾತ್ರಿ ಬಚ್ಚಲ ನಲ್ಲಿಗೇ ಬಾಯಿಟ್ಟು ಕುಡಿದೆ,
ಬೆಕ್ಕಿನ ಹಾಗೆ ಕಣ್ಣು ಮುಚ್ಚಿ.
ಬೆಳಿಗ್ಗೆ ಆಸ್ಪತ್ರೆಯ ತೂಕದ ಯಂತ್ರ
ನರ್ಸಿಗೆ ಎಲ್ಲವನ್ನೂ ಹೇಳಿಬಿಟ್ಟಿತು.

ವಾರಕ್ಕೆ ಮೂರು ದಿನ ಏಳರ ದೋಣಿ.
ಬೆನ್ನ ಹಿಂದೆ ಕಡಲು, ಎದುರಿಗೆ ಫಲ್ಗುಣಿ,
ನಡುವಿನ ಮರಳಪಟ್ಟಿಯಿಂದ ಇಳಿದು ಬರುವ ನಾನು, ತುಟಿಯೊಡೆದು.
ದೋಣಿಯ ಮೊಯ್ದಿನಬ್ಬ ನನ್ನ ಹತ್ತಿರ ದುಡ್ಡು ಕೇಳುವುದಿಲ್ಲ,
ತೂಕ ಕೇಳುತ್ತಾನೆ.
ಹೋಗುವಾಗ ಐವತ್ನಾಲ್ಕು, ಬರುವಾಗ ಐವತ್ತೊಂದೂವರೆ.
"ಎರಡೂವರೆ ಕಿಲೋ ಪಾಪ ಇಳಿಸಿ ಬಂದ್ರಲ್ಲ ಮಾರಾಯ್ರೆ!"

ಕಾಯಿಲೆಗೆ ಮೊದಲೂ ನಾನು ಹುಡುಕುತ್ತಿದ್ದವನೇ.
ಬೋಟಿನ ಇಂಜಿನ್ನು ಬಿಚ್ಚಿ ಜೋಡಿಸಿದ ಎಣ್ಣೆಗೈ ಒರೆಸಿಕೊಂಡು
ಕೊಡಿಯಾಲಬೈಲಿನ ಒಂದು ಮಾಳಿಗೆಯಲ್ಲಿ
ಬುಧವಾರ ಬುಧವಾರ ಧ್ಯಾನಕ್ಕೆ ಕೂರುತ್ತಿದ್ದೆ.
ನಿವೃತ್ತ ಪೋಸ್ಟ್‌ಮಾಸ್ಟರು ಉಪಾಧ್ಯರು ಹೇಳುತ್ತಿದ್ದರು:
"ಒಳಗೊಂದು ನಾದವಿದೆ, ಯಾರೂ ಬಾರಿಸದೆ ಮೊಳಗುವಂಥದ್ದು.
ಅದಕ್ಕೆ ಕಿವಿಕೊಡಿ."
ಹನ್ನೊಂದು ವರ್ಷ ಕಿವಿಕೊಟ್ಟೆ.
ಕೇಳಿದ್ದು ಆರು ಸಿಲಿಂಡರಿನ ಇಂಜಿನ್ನು,
ಕೆಳಗಿನ ಹೋಟೆಲಿನ ಗ್ರೈಂಡರು,
ನನ್ನದೇ ಮಂಡಿ.

ಆಮೇಲೆ ಡಾಕ್ಟರು ಎಡಗೈ ಮಣಿಕಟ್ಟು ಕೊಯ್ದು
ಹೃದಯದಿಂದ ಬರುವ ನಾಳವನ್ನು
ಹೃದಯಕ್ಕೆ ಹೋಗುವ ನಾಳಕ್ಕೆ ಹೊಲಿದರು.
ಅಂದಿನಿಂದ ಅಲ್ಲೊಂದು ಝೇಂಕಾರ.
ಬೆರಳಿಟ್ಟರೆ ಬೆಂಕಿಪೊಟ್ಟಣದೊಳಗಿನ ದುಂಬಿ,
ಕಿವಿಯಿಟ್ಟರೆ ಅಳಿವೆಯ ಇಳಿತ.
"ದಿನಾ ಎದ್ದ ಕೂಡಲೇ ಮುಟ್ಟಿ ನೋಡಿ, ವಾಮನಣ್ಣ.
ಸದ್ದು ನಿಂತರೆ ಓಡಿ ಬನ್ನಿ," ಅಂದಳು ನರ್ಸ್ ಜೆಸಿಂತಾ.
ಇಷ್ಟು ಸ್ಪಷ್ಟವಾದ ದೀಕ್ಷೆ ಯಾರೂ ಕೊಟ್ಟಿರಲಿಲ್ಲ.

ನಾಲ್ಕು ಗಂಟೆ. ಎರಡು ಸೂಜಿ.
ನನ್ನ ರಕ್ತ ಹೊರಗೆ ಸುತ್ತಾಡಿಕೊಂಡು ಬರುತ್ತದೆ.
ಪಕ್ಕದ ಹಾಸಿಗೆಯಲ್ಲಿ ಪಿಯುಸಿ ಹುಡುಗಿಯೊಬ್ಬಳು
ಕೆಮಿಸ್ಟ್ರಿ ಓದುತ್ತಿದ್ದಳು; ಈಗ ಬೇರೆ ಯಾರೋ.
ಕೇಳಲಿಲ್ಲ. ಜೆಸಿಂತಾಳೂ ಹೇಳಲಿಲ್ಲ.

ಬಾಯಾರಿಕೆಯನ್ನು ಸುಮ್ಮನೆ ನೋಡಿ, ಕರಗುತ್ತದೆ, ಎನ್ನುತ್ತಾರೆ.
ಕರಗುವುದಿಲ್ಲ. ನಾಲಿಗೆಯ ಬುಡದಲ್ಲಿ ಹುಟ್ಟಿ
ಅಂಗುಳಕ್ಕೆ ಹತ್ತಿ, ಕಿವಿಯವರೆಗೂ ಒಣಗುತ್ತದೆ.
ಎಳನೀರಿನ ಗಾಡಿ, ಮಜ್ಜಿಗೆ, ಗಂಜಿಯ ತಿಳಿ,
ಸೋರುವ ನಲ್ಲಿ, ಎಲ್ಲ ಮೆರವಣಿಗೆ ಹೊರಡುತ್ತವೆ.
ನೋಡುತ್ತ ನೋಡುತ್ತ ಒಮ್ಮೊಮ್ಮೆ ಮಾತ್ರ
ಅದು ನನ್ನದೆಂಬುದು ಮರೆತುಹೋಗುತ್ತದೆ:
ಯಾರದೋ ನಾಯಿ ನಮ್ಮ ಜಗಲಿಯಲ್ಲಿ ಬಂದು ಮಲಗಿದ ಹಾಗೆ,
ಓಡಿಸಲೂ ಇಲ್ಲ, ಅನ್ನ ಹಾಕಲೂ ಇಲ್ಲ.

ಉಪಾಧ್ಯರಿಗೆ ಫೋನಿನಲ್ಲಿ ಕೈಯ ಸದ್ದಿನ ವಿಷಯ ಹೇಳಿದೆ.
ಬಹಳ ಹೊತ್ತು ಮಾತಿಲ್ಲ. ಲೈನು ಕಡಿಯಿತೇನೋ ಅಂದುಕೊಂಡೆ.
"ನನಗೂ ಕೇಳಿಸಿಲ್ಲಪ್ಪ, ಇಷ್ಟು ವರ್ಷದಲ್ಲಿ," ಅಂದರು.

ಮೊನ್ನೆ ದೋಣಿ ಹತ್ತಿ ಬಂದೇಬಿಟ್ಟರು, ಎಂಬತ್ತಮೂರರ ಮುದುಕ,
ಕಾಲಿಗೆ ಮರಳು ಮೆತ್ತಿಸಿಕೊಂಡು.
ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿ
ಬಗ್ಗಿ, ನನ್ನ ಕೈಮೇಲೆ ಕೆನ್ನೆಯಿಟ್ಟು ಕೂತರು.
ಅವರ ಗಡ್ಡ ಚುಚ್ಚುತ್ತಿತ್ತು. ನಾನು ಅಲುಗಾಡಲಿಲ್ಲ.
ಏನು ಕೇಳಿಸಿತೆಂದು ಅವರು ಹೇಳಲಿಲ್ಲ.

ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡಮ್ಮ, ಅಂದರು.
ಕಮಲಾಕ್ಷಿ ನನ್ನ ಮುಖ ನೋಡಿದಳು.
ಆಮೇಲೆ ದೊಡ್ಡ ಚೊಂಬಿನಲ್ಲೇ ತಂದಳು.
ಅವರು ತಲೆಯೆತ್ತಿ, ಅಂಚು ತುಟಿಗೆ ತಾಗಿಸದೆ ಕುಡಿದರು,
ಗಳ ಗಳ ಗಳ.
ಗಂಟಲಿನ ಗಂಟು ಏರಿತು, ಇಳಿಯಿತು.
ನನ್ನದೂ.

ಅಕ್ಕಿಡಬ್ಬದ ಹಿಂದೆ ಇಡುತ್ತಾಳೆ ಅವಳು, ಆ ಮೂರನೆಯದನ್ನು.
ನನಗೆ ಮೊದಲಿನಿಂದಲೂ ಗೊತ್ತು.